ಎರವಲು ಬ್ಯಾಟರಿ, ಸ್ವಂತ ರೆಕ್ಕೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಆರ್‌ಸಿ, ಅಂದರೆ ರೇಡಿಯೊ ನಿಯಂತ್ರಿತ, ವಿಮಾನ ಮಾಡಬೇಕು ಎಂದರೆ ಈಗ ಹೆಚ್ಚು ವಿವರಿಸಬೇಕಾಗಿಲ್ಲ. ಎ2212 ಎಂಬ ಗುರುತಿನ ಬ್ರಷ್‌ಲೆಸ್ ಮೋಟಾರು, ಮೋಟಾರಿನ ವೇಗ ನಿಯಂತ್ರಿಸುವ 30 ಆಂಪಿಯರ್‌ನ ಇಎಸ್‌ಸಿ, 2200 ಎಂಎಎಚ್‌ನ ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ತಲಾ 9 ಗ್ರಾಂ ತೂಗುವ ನಾಲ್ಕು ಸರ್ವೊ, ಆರು ಚಾನೆಲ್‌ನ ರೇಡಿಯೊ ಇವಿಷ್ಟೂ ಒಂದು ಕೈಚೀಲದಲ್ಲಿ ಬರುತ್ತವೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ಈ ಪಟ್ಟಿ ಬಾಯಿಪಾಠವಾಗಿದೆ. ಒಂದು ಮೀಟರ್ ರೆಕ್ಕೆಯ ಫೋಮ್ ವಿಮಾನವೊಂದನ್ನು ಹತ್ತು ನಿಮಿಷದಷ್ಟು ಹೊತ್ತು ಹಾರಿಸಲು ಇಷ್ಟು ಸಾಕು.

ಈ ಸಾಮಾನುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮಾದರಿ ವಿಮಾನಕ್ಕಾಗಿ ಅಲ್ಲ. ಲಿಥಿಯಂ ಬ್ಯಾಟರಿ ಬಂದದ್ದು ವಿಡಿಯೊ ಕ್ಯಾಮೆರಾ ಮತ್ತು ಮೊಬೈಲಿನ ಸಲುವಾಗಿ. ಮೋಟಾರಿಗೆ ದಾರಿ ತೋರಿಸಿದ್ದು ಕಂಪ್ಯೂಟರಿನ ಸಿ.ಡಿ. ಡ್ರೈವ್. ರೇಡಿಯೊ ಕೆಲಸ ಮಾಡುವುದು ಮನೆಮನೆಯ ವೈಫೈ ಬಳಸುವ ತರಂಗಪಟ್ಟಿಯಲ್ಲೇ. ಬ್ಯಾಟರಿ ವಿಮಾನದ ಆರೂವರೆ ದಶಕ ಮೀರಿದ ಚರಿತ್ರೆಯನ್ನು ಒಟ್ಟಿಗೆ ಹರವಿಕೊಂಡು ನೋಡಿದರೆ ನನಗೆ ಎದ್ದು ಕಾಣುವುದು ಇದೇ: ಈ ಹವ್ಯಾಸ ಮುಂದೆ ಇಟ್ಟ ಪ್ರತಿ ಹೆಜ್ಜೆಯೂ ಬೇರೆ ಉದ್ದಿಮೆಯಿಂದ ಎರವಲು ತಂದದ್ದು. ಹವ್ಯಾಸಿಗಳ ಜಾಣ್ಮೆ ಇರುವುದು ಆ ಎರವಲನ್ನು ರೆಕ್ಕೆಗೆ ಹೊಂದಿಸಿಕೊಂಡ ಬಗೆಯಲ್ಲಿ. ಇಂದು ಅವರು ಎದುರಿಸುತ್ತಿರುವ ತೊಡಕುಗಳೂ ಬಹುಮಟ್ಟಿಗೆ ಹೊರಗಿನಿಂದಲೇ ಬಂದಿವೆ.

ಮೊದಲು ರಾಜ್ಯವಾಳಿದ್ದು ಗ್ಲೋ ಎಂಜಿನ್. ಮೆಥನಾಲ್, ಹರಳೆಣ್ಣೆ, ಒಂದಷ್ಟು ನೈಟ್ರೊಮೀಥೇನ್ ಬೆರೆಸಿದ ಇಂಧನ. ಕಿವಿಗಡಚಿಕ್ಕುವ ಸದ್ದು, ಹಾರಿ ಬಂದ ಮೇಲೆ ರೆಕ್ಕೆಯ ತುಂಬ ಎಣ್ಣೆ. ಆದರೆ ಶಕ್ತಿಯ ಲೆಕ್ಕದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಒಂದು ಕೆ.ಜಿ. ಮೆಥನಾಲ್‌ನಲ್ಲಿ ಸುಮಾರು 5,500 ವಾಟ್-ಅವರ್ ಶಕ್ತಿಯಿದೆ. ಎಂಜಿನ್ ಅದರಲ್ಲಿ ಬಹುಪಾಲನ್ನು ಬಿಸಿಯಾಗಿ ಚೆಲ್ಲಿದರೂ ಉಳಿದದ್ದು ಯಾವ ಬ್ಯಾಟರಿಗಿಂತಲೂ ಹೆಚ್ಚು. ಹೀಗಿರುವಾಗ ವಿದ್ಯುತ್ತನ್ನು ನೆಚ್ಚಿ ಹೊರಟವರ ಛಲವನ್ನು ಮೆಚ್ಚಲೇಬೇಕು.

ಅವರಲ್ಲಿ ಮೊದಲಿಗರು ಇಂಗ್ಲೆಂಡಿನ ಕರ್ನಲ್ ಎಚ್.ಜೆ. ಟ್ಯಾಪ್ಲಿನ್. 1957ರ ಜೂನ್ 30ರಂದು ಅವರು ‘ರೇಡಿಯೊ ಕ್ವೀನ್’ ಎಂಬ ಮಾದರಿಯನ್ನು ವಿದ್ಯುತ್ ಮೋಟಾರಿನಿಂದ ಹಾರಿಸಿದರು. ರೇಡಿಯೊ ನಿಯಂತ್ರಣದ ವಿದ್ಯುತ್ ಮಾದರಿಯ ಮೊದಲ ದಾಖಲಿತ ಹಾರಾಟ ಅದೇ. ಅದರಲ್ಲಿದ್ದ ಬೆಳ್ಳಿ-ಸತುವಿನ ಬ್ಯಾಟರಿ ಸಾಮಾನ್ಯ ಹವ್ಯಾಸಿಯ ಕೈಗೆಟಕುವಂಥದಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯಲ್ಲಿ ಫ್ರೆಡ್ ಮಿಲಿಟ್ಕಿ ಇದೇ ಹುಚ್ಚು ಹತ್ತಿಸಿಕೊಂಡಿದ್ದರು. ಗ್ರಾಪ್ನರ್ ಸಂಸ್ಥೆ 1960ರಲ್ಲಿ ಅವರ ‘ಸೈಲೆಂಟಿಯಸ್’ ಎಂಬ ಪುಟ್ಟ ವಿದ್ಯುತ್ ವಿಮಾನವನ್ನು ಮಾರುಕಟ್ಟೆಗೆ ತಂದಿತು. ರೇಡಿಯೊ ಇಲ್ಲ, ಬಿಟ್ಟರೆ ತಾನಾಗಿ ತೇಲಿ ಇಳಿಯಬೇಕು. ಮಿಲಿಟ್ಕಿ ಅಷ್ಟಕ್ಕೇ ನಿಲ್ಲಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದಲ್ಲಿ, ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಹೊತ್ತ ಎಂಬಿ-ಇ1 ಎಂಬ ವಿಮಾನ ಮನುಷ್ಯನನ್ನೇ ಕೂರಿಸಿಕೊಂಡು ಹತ್ತು ನಿಮಿಷ ಮೀರಿ ಹಾರಿತು. ಅದರ ಹಿಂದಿದ್ದ ತಲೆ ಈ ಮಾದರಿ ವಿಮಾನದವರದು.

ಅಮೆರಿಕದಲ್ಲಿ ರೋಲಂಡ್ ಮತ್ತು ರಾಬರ್ಟ್ ಬೌಚರ್ ಸೋದರರು ಆಸ್ಟ್ರೊ ಫ್ಲೈಟ್ ಸಂಸ್ಥೆಯ ಮೂಲಕ ಇದೇ ದಾರಿ ಹಿಡಿದರು. 1974ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದ ಒಣ ಸರೋವರದ ಮೇಲೆ ಅವರ ‘ಸನ್‌ರೈಸ್’ ಸೂರ್ಯನ ಬೆಳಕೊಂದರಿಂದಲೇ ಹಾರಿತು. 1980ರಲ್ಲಿ ಪಾಲ್ ಮ್ಯಾಕ್‌ಕ್ರೆಡಿ ತಂಡದ ‘ಗಾಸಮರ್ ಪೆಂಗ್ವಿನ್’ ಎಂಬ ಸೌರ ವಿಮಾನವನ್ನು ಎಳೆದದ್ದು ಮಾದರಿ ವಿಮಾನಕ್ಕೆಂದು ತಯಾರಾದ ಆಸ್ಟ್ರೊ ಮೋಟಾರು. ಮ್ಯಾಕ್‌ಕ್ರೆಡಿ ಹುಡುಗನಾಗಿದ್ದಾಗ ಮಾದರಿ ವಿಮಾನ ಸ್ಪರ್ಧೆಗಳಲ್ಲಿ ಗೆದ್ದವರು. ಅವರು ಕಟ್ಟಿದ ಏರೋವೈರಾನ್ಮೆಂಟ್ ಸಂಸ್ಥೆ ಮುಂದೆ ನಾಸಾ ಜೊತೆ ಸೇರಿ ಮಾಡಿದ ‘ಇಂಜೆನ್ಯುಯಿಟಿ’ ಎಂಬ ಪುಟ್ಟ ಹೆಲಿಕಾಪ್ಟರ್ 2021ರ ಏಪ್ರಿಲ್ 19ರಂದು ಮಂಗಳ ಗ್ರಹದ ಮೇಲೆ ಹಾರಿತು. ತೂಕ 1.8 ಕೆ.ಜಿ., ಒಳಗೆ ಆರು ಲಿಥಿಯಂ ಸೆಲ್. ಎರವಲು ತಂದವರು ಹಿಂದಿರುಗಿ ಕೊಟ್ಟದ್ದೂ ಉಂಟು ಎನ್ನಲು ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಮೈದಾನದ ಸಾಮಾನ್ಯ ಹವ್ಯಾಸಿಗೆ ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳು ತಾಳ್ಮೆ ಪರೀಕ್ಷಿಸಿದ ಕಾಲ. ಸಿಗುತ್ತಿದ್ದದ್ದು ತಂತಿಯಿಲ್ಲದ ಡ್ರಿಲ್ ಮತ್ತು ಆಟದ ಕಾರುಗಳ ನಿಕ್ಕಲ್-ಕ್ಯಾಡ್ಮಿಯಂ ಸೆಲ್, ಅದೇ ಕಾರಿನ ಅಗ್ಗದ ಬ್ರಷ್ ಮೋಟಾರು. ಏಳು ಸೆಲ್ಲಿನ ಪ್ಯಾಕ್ ವಾಡಿಕೆಯಲ್ಲಿತ್ತು. 8.4 ವೋಲ್ಟ್, 1700 ಎಂಎಎಚ್, ಅಂದರೆ 14 ವಾಟ್-ಅವರ್ ಚಿಲ್ಲರೆ. ತೂಕ ಹತ್ತಿರ ಹತ್ತಿರ 400 ಗ್ರಾಂ. ಮೋಟಾರು ಆ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಬಿಸಿಯಾಗಿ ಕಳೆಯುತ್ತಿತ್ತು. ಬ್ರಷ್‌ಗಳ ಕಿಡಿಯಿಂದ ರೇಡಿಯೊಗೆ ಅಡಚಣೆ ಬೇರೆ, ಅದನ್ನು ತಡೆಯಲು ಮೋಟಾರಿನ ಮೈಗೆ ಪುಟ್ಟ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಬೇಕು. ಇಷ್ಟೆಲ್ಲ ಮಾಡಿದರೆ ನಾಲ್ಕೈದು ನಿಮಿಷದ ಹಾರಾಟ.

ಈಗ ಎಸ್.ಪಿ. ರಸ್ತೆಯ ಆ ಲಿಪೊ ಪ್ಯಾಕನ್ನು ಪಕ್ಕದಲ್ಲಿಟ್ಟು ನೋಡಿ. 11.1 ವೋಲ್ಟ್, 2.2 ಆಂಪಿಯರ್-ಅವರ್, ಒಟ್ಟು 24 ವಾಟ್-ಅವರ್‌ಗೂ ಸ್ವಲ್ಪ ಹೆಚ್ಚು. ತೂಕ 180 ಗ್ರಾಂ ಆಸುಪಾಸು. ತೂಕ ಅರ್ಧಕ್ಕಿಂತ ಕಡಿಮೆ, ಶಕ್ತಿ ಒಂದೂಮುಕ್ಕಾಲು ಪಟ್ಟು. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಸೆಲ್ ಮಾರಾಟಕ್ಕೆ ತಂದಾಗ ಅದರ ಮನಸ್ಸಿನಲ್ಲಿದ್ದದ್ದು ಕ್ಯಾಮೆರಾ. ಮೊಬೈಲು ತೆಳ್ಳಗಾಗಬೇಕೆಂದು ಗಟ್ಟಿ ಡಬ್ಬಿಯ ಬದಲು ಅಲ್ಯುಮಿನಿಯಂ ಹಾಳೆಯ ಚೀಲದಲ್ಲಿ ಸೆಲ್ ತುಂಬಿಸಿದ್ದು ಆಮೇಲೆ. 2003ರ ಹೊತ್ತಿಗೆ ಈ ಚೀಲದ ಸೆಲ್ಲುಗಳು ಹವ್ಯಾಸಿಗಳ ಕೈಗೆ ಬಂದವು. ಮೊದಮೊದಲು ಅವು ಒಮ್ಮೆಗೇ ಹೆಚ್ಚು ಕರೆಂಟು ಕೊಡುತ್ತಿರಲಿಲ್ಲ, ಎಳೆದರೆ ಉಬ್ಬಿಕೊಳ್ಳುತ್ತಿದ್ದವು. ಕೆಲವೇ ವರ್ಷಗಳಲ್ಲಿ ಆ ಕೊರತೆ ನೀಗಿತು. ಈಗ 25ಸಿ, ಅಂದರೆ ಆಂಪಿಯರ್-ಅವರ್ ಸಾಮರ್ಥ್ಯದ 25 ಪಟ್ಟು ಕರೆಂಟು, ಎಂದು ಬರೆದ 2200ರ ಪ್ಯಾಕ್ 55 ಆಂಪಿಯರ್ ಕೊಡಬಲ್ಲದೆಂದು ಲೆಕ್ಕ. ಲೇಬಲ್ಲಿನ ‘ಸಿ’ ಅಂಕಿಯನ್ನು ನಾನು ಯಾವತ್ತೂ ಪೂರ್ತಿ ನಂಬುವುದಿಲ್ಲ. ಅದರಲ್ಲಿ ಅರ್ಧಕ್ಕೆ ಸಾಕಾಗುವಂತೆ ಮೋಟಾರು ಆರಿಸಿದರೆ ಪ್ಯಾಕ್ ಬಹುಕಾಲ ಬಾಳುತ್ತದೆ.

ಇದನ್ನು ಬರೀ ಹೆಚ್ಚು ಶಕ್ತಿ, ಹೆಚ್ಚು ವೇಗ ಎಂದು ಓದಿದರೆ ಮುಖ್ಯ ಬದಲಾವಣೆ ಕೈತಪ್ಪುತ್ತದೆ. ಲಿಪೊ ತಂದ ದೊಡ್ಡ ವರ ನಿಧಾನ. ವಿಮಾನ ಬೀಳದೆ ಹಾರಬಲ್ಲ ಕನಿಷ್ಠ ವೇಗ ನಿಂತಿರುವುದು ಅದರ ತೂಕ ಮತ್ತು ರೆಕ್ಕೆಯ ವಿಸ್ತೀರ್ಣದ ಮೇಲೆ. ಅದೇ ರೆಕ್ಕೆ ಇಟ್ಟುಕೊಂಡು ತೂಕವನ್ನು ಅರ್ಧ ಮಾಡಿದರೆ ಆ ಕನಿಷ್ಠ ವೇಗ ಸುಮಾರು ಶೇ 70ಕ್ಕೆ ಇಳಿಯುತ್ತದೆ. ಆ ವೇಗದಲ್ಲಿ ನೆಲಕ್ಕೆ ಬಡಿದರೆ ಪೆಟ್ಟಿನ ಶಕ್ತಿ ಮೊದಲಿನ ಕಾಲು ಭಾಗ ಮಾತ್ರ. ಹೊಸಬನಿಗೆ ಯೋಚಿಸಲು ಹೆಚ್ಚು ಸಮಯ ಸಿಗುತ್ತದೆ, ಬಿದ್ದರೆ ಮೂಗು ಜಜ್ಜುತ್ತದೆ, ಅಂಟು ಹಚ್ಚಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಬಹುದು. ಹಿಂದೆ ಗ್ಲೋ ಎಂಜಿನ್ನಿನ ತರಬೇತಿ ವಿಮಾನಕ್ಕೆ ಉದ್ದನೆಯ ರನ್‌ವೇ, ಪಕ್ಕದಲ್ಲಿ ನಿಂತು ತಿದ್ದುವ ಗುರು, ತಿಂಗಳುಗಟ್ಟಲೆ ಕೂತು ಕಟ್ಟಿದ ಬಾಲ್ಸಾ ಚೌಕಟ್ಟು ಬೇಕಿತ್ತು. ಒಂದು ತಪ್ಪಿಗೆ ಅಷ್ಟೂ ಪುಡಿ. ಈ ಹವ್ಯಾಸ ಕ್ಲಬ್ಬಿನ ಬೇಲಿ ದಾಟಿ ಶಾಲೆಯ ಮೈದಾನಕ್ಕೆ ಬಂದದ್ದಕ್ಕೆ ಈ ನಿಧಾನಗತಿಯೇ ಕಾರಣ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೋಟಾರಿನ ಕಥೆಯಲ್ಲಿ ಹವ್ಯಾಸಿಗಳ ಕೈ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆ ಬೇರೆಯಾಗಿ ಕಂಡುಕೊಂಡ ನಿಯೋಡಿಮಿಯಂ ಅಯಸ್ಕಾಂತ ಗಾತ್ರಕ್ಕೆ ಮೀರಿದ ಬಲದ್ದು. ಬ್ರಷ್ ಇಲ್ಲದ ಮೋಟಾರು ಸಿ.ಡಿ. ಡ್ರೈವ್, ಹಾರ್ಡ್‌ಡಿಸ್ಕುಗಳಲ್ಲಿ ಆಗಲೇ ತಿರುಗುತ್ತಿತ್ತು. 2000ದ ಆಸುಪಾಸಿನಲ್ಲಿ ಜಗತ್ತಿನ ಹಲವು ಕಡೆ ಹವ್ಯಾಸಿಗಳು ಕೆಟ್ಟ ಸಿ.ಡಿ. ಡ್ರೈವ್‌ಗಳನ್ನು ಬಿಚ್ಚತೊಡಗಿದರು. ಒಳಗಿನ ತೆಳು ತಂತಿಯ ಸುರುಳಿ ಬಿಚ್ಚಿ, ದಪ್ಪ ತಾಮ್ರದ ತಂತಿಯನ್ನು ಒಂದೊಂದೇ ಹಲ್ಲಿಗೆ ಕೈಯಿಂದ ಸುತ್ತುವುದು. ಗಂಟೆಯಾಕಾರದ ಹೊರ ಮೈಯಲ್ಲಿನ ದುರ್ಬಲ ಅಯಸ್ಕಾಂತದ ಬಳೆ ತೆಗೆದು, ಅಕ್ಕಿಕಾಳಿಗಿಂತ ತುಸು ದೊಡ್ಡ ನಿಯೋಡಿಮಿಯಂ ತುಂಡುಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಮ ಅಂತರದಲ್ಲಿ ಅಂಟಿಸುವುದು. ಜರ್ಮನಿಯಲ್ಲಿ ಲೂಕಾಸ್, ರೆಟ್ಸ್‌ಬಾಖ್, ಕ್ಯೂಫುಸ್ ಎಂಬ ಮೂವರ ಹೆಸರಿನ ಮೊದಲಕ್ಷರಗಳಿಂದ ಎಲ್‌ಆರ್‌ಕೆ ಎಂದೇ ಕರೆಯುವ ಸುತ್ತುವ ಕ್ರಮ ಪ್ರಚಾರಕ್ಕೆ ಬಂತು. ಹನ್ನೆರಡು ಹಲ್ಲು, ಹದಿನಾಲ್ಕು ಅಯಸ್ಕಾಂತ. ಹೊರ ಮೈ ತಿರುಗುವ ಈ ಬಗೆಯನ್ನು ಔಟ್‌ರನ್ನರ್ ಎನ್ನುತ್ತಾರೆ. ಅದು ನಿಧಾನವಾಗಿ, ಆದರೆ ಬಲವಾಗಿ ತಿರುಗುವುದರಿಂದ ಗೇರ್ ಇಲ್ಲದೆ ದೊಡ್ಡ ಪ್ರೊಪೆಲ್ಲರನ್ನು ನೇರವಾಗಿ ಎಳೆಯುತ್ತದೆ. ಶೇ 50ರ ಸುತ್ತ ಇದ್ದ ದಕ್ಷತೆ ಶೇ 80ರಾಚೆ ಜಿಗಿಯಿತು. ಚೀನಾದ ಕಾರ್ಖಾನೆಗಳು ಈ ವಿನ್ಯಾಸ ಎತ್ತಿಕೊಂಡ ಮೇಲೆ ಬೆಲೆ ಕೆಲವೇ ನೂರು ರೂಪಾಯಿಗೆ ಇಳಿಯಿತು.

ಈ ಮೋಟಾರಿಗೆ ಮೂರು ತಂತಿ. ಇಎಸ್‌ಸಿ ಎರಡರಲ್ಲಿ ಕರೆಂಟು ಹರಿಸುತ್ತ, ಸುಮ್ಮನಿರುವ ಮೂರನೆಯದರಲ್ಲಿ ಹುಟ್ಟುವ ವೋಲ್ಟೇಜನ್ನು ಅಳೆದು ಅಯಸ್ಕಾಂತ ಈಗ ಎಲ್ಲಿದೆ ಎಂದು ತಿಳಿಯುತ್ತದೆ, ಸೆಕೆಂಡಿಗೆ ಸಾವಿರಾರು ಬಾರಿ. ಮೋಟಾರು ಉಲ್ಟಾ ತಿರುಗಿದರೆ ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಬ್ಯಾಟರಿ ಸಿಕ್ಕಿಸಿದೊಡನೆ ಕೇಳುವ ಪೀಪೀ ಸದ್ದಿಗೆ ಬೇರೆ ಸ್ಪೀಕರ್ ಇರುವುದಿಲ್ಲ, ಮೋಟಾರಿನ ಸುರುಳಿಯೇ ಕಂಪಿಸಿ ಆ ಸ್ವರ ಹೊರಡಿಸುತ್ತದೆ. ಎಷ್ಟೋ ಇಎಸ್‌ಸಿಗಳಲ್ಲಿ ಮೂರು ಸೆಲ್ಲಿಗೆ ಮೂರು ಸಲ ಪೀಪ್. ಎರಡೇ ಕೇಳಿಸಿದರೆ ಪ್ಯಾಕ್ ತೀರಾ ಇಳಿದಿರಬೇಕು. ಅನುಭವಿಗಳು ಥ್ರಾಟಲ್ ಮುಟ್ಟುವ ಮುನ್ನ ಕಿವಿಗೊಟ್ಟು ಎಣಿಸುವುದು ಇದಕ್ಕೇ.

ರೇಡಿಯೊ ಹಳೆಯ ಕಾಲದಲ್ಲಿ ಮೈದಾನದ ದೊಡ್ಡ ತಲೆನೋವು. ಅಮೆರಿಕದಲ್ಲಿ 72, ಯುರೋಪಿನಲ್ಲಿ 35 ಮೆಗಾಹರ್ಟ್ಸ್‌ನ ಪಟ್ಟಿ, ಅದರಲ್ಲಿ ಎಣಿಸಿದಷ್ಟು ಚಾನೆಲ್. ಮೈದಾನದಲ್ಲೊಂದು ಹಲಗೆ, ಚಾನೆಲ್‌ಗೊಂದು ಪಿನ್. ಪಿನ್ ಯಾರ ಬಳಿ ಇದೆಯೋ ಅವರಷ್ಟೇ ರೇಡಿಯೊ ಆನ್ ಮಾಡಬೇಕು. ಮರೆತು ಇನ್ನೊಬ್ಬರು ಅದೇ ಚಾನೆಲ್ ಒತ್ತಿದರೆ ಗಾಳಿಯಲ್ಲಿದ್ದ ವಿಮಾನ ಹೋದಂತೆಯೇ. ವೈಫೈ, ಬ್ಲೂಟೂತ್‌ಗಳಿಂದಾಗಿ 2.4 ಗಿಗಾಹರ್ಟ್ಸ್‌ನ ಚಿಪ್ ಅಗ್ಗವಾದಾಗ ಈ ಪೀಡೆ ತೊಲಗಿತು. ಸ್ಪೆಕ್ಟ್ರಮ್ ಸಂಸ್ಥೆಯ ಡಿಎಕ್ಸ್6 ಈ ಪಟ್ಟಿಯಲ್ಲಿ 2005ರಲ್ಲಿ ಬಂತು. ಭಾರತ ಸರಕಾರ ಈ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದೂ ಅದೇ ವರ್ಷ. ಈಗ ರಿಸೀವರ್ ತನ್ನ ರೇಡಿಯೊದ ಗುರುತನ್ನು ಮಾತ್ರ ಒಪ್ಪಿಕೊಳ್ಳುತ್ತದೆ, ಒಂದೇ ಮೈದಾನದಲ್ಲಿ ಹತ್ತಾರು ಮಂದಿ ಚಿಂತೆಯಿಲ್ಲದೆ ಹಾರಿಸುತ್ತಾರೆ. ಇತ್ತೀಚೆಗೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಂಥ ಮುಕ್ತ ತಂತ್ರಾಂಶವನ್ನು ಹವ್ಯಾಸಿಗಳೇ ಬರೆದು ಹಂಚುತ್ತಿದ್ದಾರೆ.

ಗೈರೊಸ್ಕೋಪಿನದೂ ಇದೇ ಮಾತು. ಮೊಬೈಲು ಮತ್ತು ವಿಡಿಯೊ ಗೇಮಿಗೆಂದು ಅಗ್ಗವಾದ ಸೂಕ್ಷ್ಮ ಚಿಪ್ ಈಗ ಆರಂಭಿಕರ ವಿಮಾನದೊಳಗೂ ಕೂತಿದೆ. ಗಾಳಿಗೆ ರೆಕ್ಕೆ ವಾಲಿದರೆ ಅದು ತಾನೇ ಸರಿಪಡಿಸುತ್ತದೆ, ಕೈಬಿಟ್ಟರೆ ವಿಮಾನವನ್ನು ಮಟ್ಟಕ್ಕೆ ತರುತ್ತದೆ. ಕಲಿಯುವವರಿಗೆ ಇದನ್ನು ಕೊಡಬೇಕೆ ಎಂಬ ಚರ್ಚೆ ಮೈದಾನಗಳಲ್ಲಿ ಮುಗಿದಿಲ್ಲ. ಕೊಡಬೇಕು, ಆದರೆ ಬೇಗ ಬಿಡಿಸಬೇಕು ಎಂದು ನನಗೆ ತೋರುತ್ತದೆ. ವಿಮಾನ ನಮ್ಮತ್ತ ಮುಖ ಮಾಡಿ ಬರುವಾಗ ಎಡ ಬಲ ತಿರುವುಮುರುವಾಗುತ್ತದೆ. ಈ ಗೊಂದಲ ದಾಟುವುದೇ ಕಲಿಕೆಯ ತಿರುಳು, ಅದನ್ನು ಚಿಪ್ ಕಲಿಸಿಕೊಡುವುದಿಲ್ಲ.

ಮೈಗೆ ಬಳಸುವ ವಸ್ತುವೂ ಎರವಲೇ. ಕಾರಿನ ಬಂಪರ್ ಒಳಗಿನ ಇಪಿಪಿ ಫೋಮ್ ಬಡಿದರೂ ಮುರಿಯದೆ ಪುಟಿದೇಳುತ್ತದೆ. ನಮ್ಮಲ್ಲಿ ಪ್ಯಾಕಿಂಗಿನ ಥರ್ಮೋಕೋಲ್, ಬಯೋಫೋಮ್ ಹಾಳೆ, ಜಾಹೀರಾತು ಫಲಕದ ಕೋರೋಪ್ಲಾಸ್ಟ್ ನಡೆಯುತ್ತವೆ. ಥರ್ಮೋಕೋಲ್‌ಗೆ ಫೆವಿಕ್ವಿಕ್ ಹಾಕಿದರೆ ಕರಗಿ ಗುಂಡಿ ಬೀಳುತ್ತದೆಂಬುದು ಪ್ರತಿಯೊಬ್ಬ ಹೊಸಬನ ಮೊದಲ ಪಾಠ. ಬಾಲ್ಸಾ ಪಟ್ಟಿಗಳನ್ನು ಕೊರೆದು, ಪಕ್ಕೆಲುಬು ಜೋಡಿಸಿ, ತೆಳು ಹೊದಿಕೆ ಬಿಗಿಯುವ ಕಸುಬು ಮಾತ್ರ ಕಡಿಮೆಯಾಗುತ್ತಿದೆ. ಡಬ್ಬಿಯಿಂದ ತೆಗೆದು ಹಾರಿಸುವ ವಿಮಾನ ಹೆಚ್ಚು ಜನರನ್ನು ತಂದಿತು, ನಿಜ. ಆದರೆ ಕಟ್ಟಿದವನಿಗೆ ಮಾತ್ರ ಗುರುತ್ವ ಕೇಂದ್ರ ಎಲ್ಲಿರಬೇಕು, ಅದು ಬೆರಳಗಲ ಹಿಂದೆ ಸರಿದರೆ ವಿಮಾನ ಯಾಕೆ ಮಾತು ಕೇಳುವುದಿಲ್ಲ ಎಂದು ಮೈಯಲ್ಲಿ ಇಳಿಯುತ್ತದೆ. ಈ ನಷ್ಟ ನನ್ನನ್ನು ಕಾಡುತ್ತದೆ.

ಸ್ಪರ್ಧೆಗಳ ಮಟ್ಟದಲ್ಲಿ ವಿದ್ಯುತ್ತಿನ ಗೆಲುವು ಪೂರ್ಣ ಎಂದೇ ಹೇಳಬಹುದು. ಅಂತರರಾಷ್ಟ್ರೀಯ ಏರೋಬ್ಯಾಟಿಕ್ಸ್‌ನ ಎಫ್3ಎ ವರ್ಗದಲ್ಲಿ ಹತ್ತು ಸೆಲ್ಲಿನ ಪ್ಯಾಕ್ ಸಾಮಾನ್ಯ. ಎಫ್5ಜೆ ಎಂಬ ಗ್ಲೈಡರ್ ವರ್ಗ ನನಗೆ ಬಹಳ ಇಷ್ಟ. ಮೋಟಾರನ್ನು ಶುರುವಿನಲ್ಲಿ ಒಂದೇ ಸಲ, ಹೆಚ್ಚೆಂದರೆ 30 ಸೆಕೆಂಡು ಓಡಿಸಬಹುದು. ಎಷ್ಟು ಎತ್ತರ ಏರಿದಿರೋ ಮೀಟರಿಗೆ ಅರ್ಧ ಅಂಕದಂತೆ ಕಡಿತ, 200 ಮೀಟರ್ ದಾಟಿದರೆ ಮೀಟರಿಗೆ ಮೂರು ಅಂಕ. ಆಮೇಲೆ ಬಿಸಿಗಾಳಿಯ ಏರಿಕೆಗಳನ್ನು ಹುಡುಕುತ್ತ ಹತ್ತು ನಿಮಿಷ ತೇಲಬೇಕು. ಬ್ಯಾಟರಿ ಬಲಿತ ಮೇಲೆ ಅದನ್ನು ಆದಷ್ಟು ಕಡಿಮೆ ಬಳಸುವುದೇ ಪಂದ್ಯವಾಯಿತು. ಇನ್ನೊಂದು ತುದಿಯಲ್ಲಿ, 2015ರ ಜುಲೈನಲ್ಲಿ ಜೂರಿಕ್‌ನ ಇಟಿಎಚ್ ಸಂಶೋಧಕರ ‘ಅಟ್ಲಾಂಟಿಕ್ ಸೋಲಾರ್’ ಎಂಬ 6.8 ಕೆ.ಜಿ. ವಿಮಾನ ಹಗಲು ಸೌರಶಕ್ತಿ, ರಾತ್ರಿ ಲಿಥಿಯಂ ಸೆಲ್ ನೆಚ್ಚಿ 81 ಗಂಟೆ ಬಿಡದೆ ಹಾರಿತು.

ಹವ್ಯಾಸಿಯ ವಿಮಾನ ಇನ್ನೂ ನಿಮಿಷಗಳಲ್ಲೇ ಇದೆ. ಅದನ್ನು ಬದಲಿಸುತ್ತಿರುವುದು ವಿದ್ಯುತ್ ಕಾರಿನ ಉದ್ದಿಮೆ. 21700 ಎಂಬ ಅಳತೆಯ ಕೊಳವೆ ಸೆಲ್ ಸುಮಾರು 70 ಗ್ರಾಂ ತೂಗಿ 18 ವಾಟ್-ಅವರ್ ಹಿಡಿಯುತ್ತದೆ. ಅಂದರೆ ಕೆ.ಜಿ.ಗೆ 250, ಲಿಪೊಗಿಂತ ಬಹಳ ಮುಂದೆ. ಒಮ್ಮೆಗೇ ಹೆಚ್ಚು ಕರೆಂಟು ಕೊಡಲಾರದು, ಹಾಗಾಗಿ ಪಲ್ಟಿ ಹೊಡೆಯುವ ವಿಮಾನಕ್ಕೆ ಒದಗದು. ಆದರೆ ಉದ್ದ ರೆಕ್ಕೆಯ, ಹಗುರ ಕೈಯಿಂದ ಹಾರಿಸುವ ವಿಮಾನವನ್ನು ಗಂಟೆ ದಾಟಿಸುತ್ತದೆ.

ಲಿಪೊ ಇಟ್ಟುಕೊಳ್ಳುವುದು ಶಿಸ್ತಿನ ಕೆಲಸ, ಅದನ್ನು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಸೆಲ್ಲಿಗೆ 4.2 ವೋಲ್ಟ್ ಮೀರಿ ಚಾರ್ಜ್ ಮಾಡಕೂಡದು, 3.3ರ ಕೆಳಗೆ ಇಳಿಸಕೂಡದು. ವಾರಗಟ್ಟಲೆ ಹಾರಿಸದಿದ್ದರೆ 3.8ಕ್ಕೆ ತಂದು ಇಡಬೇಕು. ಬಿಳಿ ಬಣ್ಣದ ಬ್ಯಾಲೆನ್ಸ್ ಕನೆಕ್ಟರ್ ಹಾಕದೆ ಚಾರ್ಜಿಗೆ ಇಟ್ಟು ಮಲಗಲು ಹೋಗುವುದು ಮನೆಗೆ ಬೆಂಕಿ ಕರೆದಂತೆ. ಉಬ್ಬಿದ ಪ್ಯಾಕನ್ನು ಚುಚ್ಚಬಾರದು, ಹಿಸುಕಬಾರದು, ಮತ್ತೆ ಬಳಸಲೂಬಾರದು. ಮಕ್ಕಳಿಗೆ ವಿಮಾನ ಕೊಡಿಸುವ ತಂದೆತಾಯಿ ಮೊದಲು ಇದನ್ನು ಕಲಿಯಬೇಕು. ಸತ್ತ ಪ್ಯಾಕು ಇಂದಿಗೂ ಎಷ್ಟೋ ಕಡೆ ಮನೆಕಸಕ್ಕೆ ಸೇರುತ್ತಿದೆ. 2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿಯಮ ಬಂದಿದೆ, ಮಾರಿದ ಅಂಗಡಿಯೇ ಹಳೆಯದನ್ನು ವಾಪಸು ಪಡೆಯುವ ರೂಢಿ ಬೆಳೆಯಬೇಕು.

ಎರವಲಿನ ಇನ್ನೊಂದು ಮುಖ ಡ್ರೋನ್. ಇಲ್ಲಿ ಹರಿವು ತಿರುಗುಮುರುಗಾಯಿತು. ಹವ್ಯಾಸಿಗಳು ಬೆಳೆಸಿದ ಔಟ್‌ರನ್ನರ್, ಲಿಪೊ, ಇಎಸ್‌ಸಿಗಳ ಮೇಲೆಯೇ ನಾಲ್ಕು ಪ್ರೊಪೆಲ್ಲರಿನ ಡ್ರೋನ್ ಎದ್ದು ನಿಂತಿತು. ಬೆಂಗಳೂರಿನ ಸರಕಾರಿ ಸಂಶೋಧನಾ ಸಂಸ್ಥೆಗಳಾದ ಎನ್‌ಎಎಲ್ ಮತ್ತು ಎಡಿಇ ಸೇರಿ ರೂಪಿಸಿದ ‘ಬ್ಲ್ಯಾಕ್ ಕೈಟ್’, ‘ಗೋಲ್ಡನ್ ಹಾಕ್’ ಎಂಬ ಕಿರು ವಿಮಾನಗಳಲ್ಲೂ ಈ ಪರಂಪರೆಯ ಗುರುತು ಕಾಣುತ್ತದೆ. ಡ್ರೋನ್‌ನಿಂದ ಬಿಡಿಭಾಗ ಅಗ್ಗವಾದವು, ಜೊತೆಗೆ ಕಾನೂನೂ ಬಂತು. ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ, ಮನರಂಜನೆಗೆ ಹಾರಿಸುವ 250 ಗ್ರಾಂ ಮೀರಿದ ಮಾದರಿಗಳು ಗುರುತಿನ ಸಂಕೇತ ಬಿತ್ತರಿಸುತ್ತ ಹಾರಬೇಕು, ಇಲ್ಲವೇ ಅದಕ್ಕೆಂದು ಗುರುತಿಸಿದ ಮೈದಾನದಲ್ಲಿ ಹಾರಬೇಕು ಎಂಬ ನಿಯಮ ಬಿಗಿಯಾಗಿ ಜಾರಿಯಲ್ಲಿದೆ. ಕ್ಯಾಮೆರಾ ಇಲ್ಲದ, ಕಣ್ಣಳತೆಯಲ್ಲೇ ಸುತ್ತುವ ಬಾಲ್ಸಾ ವಿಮಾನವೂ ಆ ತಕ್ಕಡಿಯಲ್ಲೇ ತೂಗಿತು.

ನಮ್ಮ 2021ರ ಡ್ರೋನ್ ನಿಯಮಗಳು ಈ ವಿಷಯದಲ್ಲಿ ಹೆಚ್ಚು ಉದಾರ. 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗೆ ಬಳಸುವ, ಕಣ್ಣಿಗೆ ಕಾಣುವಷ್ಟರಲ್ಲೇ ಹಾರಿಸುವ ಮಾದರಿಗಳನ್ನು ಅವು ಪ್ರತ್ಯೇಕವಾಗಿ ಗುರುತಿಸಿ, ಟೈಪ್ ಸರ್ಟಿಫಿಕೇಟಿನಿಂದ ವಿನಾಯಿತಿ ಕೊಟ್ಟಿವೆ. ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿರ್ಬಂಧವಿಲ್ಲವೆಂದು ಗುರುತಿಸಿದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಲು ಪೂರ್ವಾನುಮತಿ ಬೇಕಿಲ್ಲ. 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನ್‌ಗಳ ಆಮದು ನಿಂತರೂ ಬಿಡಿಭಾಗ ತರಿಸಲು ಅಡ್ಡಿಯಿಲ್ಲ. ಕಟ್ಟಿ ಹಾರಿಸುವ ರೂಢಿ ನಮ್ಮಲ್ಲಿ ಉಳಿಯಲು ಇದೂ ಒಂದು ಕಾರಣವಾದೀತು.

ತೊಡಕಿರುವುದು ಜಾಗದಲ್ಲಿ. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ನೆಲದಿಂದಲೇ ಅನುಮತಿ ಬೇಕು. ಎಚ್‌ಎಎಲ್, ಯಲಹಂಕ, ದೇವನಹಳ್ಳಿಗಳ ಸುತ್ತ ಆ ವೃತ್ತಗಳನ್ನು ಎಳೆದರೆ ಬೆಂಗಳೂರಿನ ಬಹುಭಾಗ ಒಳಗೇ ಸೇರುತ್ತದೆ. ಉಳಿದದ್ದರಲ್ಲಿ ಬತ್ತಿದ ಕೆರೆಯಂಗಳಗಳು, ಮಾರಾಟವಾಗದ ಬಡಾವಣೆಗಳು. ಅವು ಯಾವಾಗ ತುಂಬುತ್ತವೋ, ಯಾವಾಗ ಬೇಲಿ ಬೀಳುತ್ತದೋ ಹೇಳಲಾಗದು. ಎನ್‌ಸಿಸಿಯ ವಾಯು ವಿಭಾಗ ಏರೋಮಾಡೆಲಿಂಗ್ ಕಲಿಸುತ್ತದೆ, ಎಂಜಿನಿಯರಿಂಗ್ ಕಾಲೇಜುಗಳು ಪ್ರತಿ ವರ್ಷ ಸ್ಪರ್ಧೆಗೆಂದು ವಿಮಾನ ಕಟ್ಟುತ್ತವೆ. ಅವಕ್ಕೂ ಹೊರಗಿನ ಹವ್ಯಾಸಿಗಳಿಗೂ ಒದಗುವಂತೆ ಜಿಲ್ಲೆಗೊಂದು ಮೈದಾನವನ್ನು ಹಸಿರು ವಲಯದಲ್ಲಿ ಗುರುತಿಸಿ, ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹೆಸರಿಸಿ, ಭಾನುವಾರ ಬೆಳಗಿನ ಹೊತ್ತು ತೆರೆದಿಡಲು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬೇಕಾದದ್ದು ನೂರು ಮೀಟರಿನ ಸಮತಟ್ಟು ನೆಲ, ಗಾಳಿಯ ದಿಕ್ಕು ತೋರಿಸಲು ಒಂದು ಬಟ್ಟೆ ಚೀಲ, ಚಾರ್ಜಿಂಗಿಗೆ ಮರಳು ತುಂಬಿದ ಕಟ್ಟೆ, ಹೊಸಬರ ಪಕ್ಕದಲ್ಲಿ ನಿಲ್ಲಲು ಒಬ್ಬಿಬ್ಬರು ಹಳಬರು.